ಕಡಿದು ಬರುವ ಬೆಳಕು

ನಮ್ಮ ಅತ್ತೆಯ ಕಣ್ಣುಗಳನ್ನು ಒಂದೇ ತಿಂಗಳಲ್ಲಿ ಎರಡು ಸಲ ಗೋಕಾಕಿನ ವೈದ್ಯರಿಗೆ ತೋರಿಸಲಾಯಿತು. ಏನೂ ಆಗಿಲ್ಲ ಎಂದು ಅವರು ಎರಡೂ ಸಲ ಹೇಳಿದರು. ಗಾಡಿಯ ಬೆಳಕನ್ನು ಮಾತ್ರ ಯಾರೂ ಒಂದು ಸಲವೂ ಸರಿಯಾಗಿ ಪರೀಕ್ಷಿಸಲಿಲ್ಲ. ಇದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಹಾಗೆ ಪರೀಕ್ಷಿಸದವರಲ್ಲಿ ನಾನೂ ಒಬ್ಬಳಾಗಿದ್ದೆ ಎನ್ನುವುದಕ್ಕೆ ಇನ್ನೂ ಹೆಚ್ಚು ಉರಿಯುತ್ತದೆ.

ಗಾಡಿ ಎಂದರೆ ಮಾವನ ಮನೆಗಾಡಿ. ಮಾವ ಕೆಂಚಪ್ಪನವರು ಹಿಡಕಲ್ ಅಣೆಕಟ್ಟಿನಲ್ಲಿ ಮೂವತ್ತಾರು ವರ್ಷ ನೌಕರಿ ಮಾಡಿ, ನಿವೃತ್ತರಾಗಿ ಕಲ್ಲೋಳಿಗೆ ಬಂದವರು. ಹುಕ್ಕೇರಿಯ ಸಾಲೆಯೊಂದು ಮಾರಲು ಇಟ್ಟಿದ್ದ ಹಳೆಯ ಮಕ್ಕಳ ಟೆಂಪೊವನ್ನು ಕೊಂಡು, ಸೀಟುಗಳನ್ನೆಲ್ಲ ಕಿತ್ತು, ಎರಡು ಹಾಸಿಗೆ, ಒಂದು ಒಲೆ, ನೀರಿನ ಟಾಕಿ ಹಾಕಿಸಲು ಹತ್ತರಗಿಯ ಹೆದ್ದಾರಿ ಪಕ್ಕದ ಭೀಮಶಿಯ ಶೆಡ್ಡಿಗೆ ಬಿಟ್ಟಿದ್ದರು. ಇಷ್ಟೆಲ್ಲ ಮಾಡಿಸಿದ್ದು ಅತ್ತೆಗಾಗಿ. ಹಾಗೆಂದು ಅವರೇ ಊರ ತುಂಬ ಹೇಳಿಕೊಂಡು ಬಂದಿದ್ದರು.

ಅತ್ತೆ ಶಿವಗಂಗವ್ವನವರು ದಿನಕ್ಕೆರಡು ಸಲ, ನಸುಕಿನಲ್ಲೊಮ್ಮೆ ಮುಚ್ಚಂಜೆಗೊಮ್ಮೆ, ಲಿಂಗಪೂಜೆಗೆ ಕೂಡುತ್ತಾರೆ. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು, ಅದರ ಕಪ್ಪು ನುಣುಪಿನ ಮೇಲೆ ಮೂಡುವ ಬೆಳಕಿನ ಚುಕ್ಕೆಯಲ್ಲಿ ದೃಷ್ಟಿ ನಿಲ್ಲಿಸಿ ಅರ್ಧ ತಾಸು ಅಲುಗದೆ ಕೂಡುತ್ತಾರೆ. ಅದು ಮುಗಿಯುವತನಕ ಬಾಯಿಗೆ ನೀರೂ ಇಲ್ಲ. ಈ ನಿಯಮ ಲಾಡ್ಜಿನ ಕೋಣೆಗಳಲ್ಲಿ ನಡೆಯುವುದಿಲ್ಲ ಎಂದು ನಲವತ್ತು ವರ್ಷ ಅವರು ಎಲ್ಲಿಯೂ ರಾತ್ರಿ ಉಳಿದವರಲ್ಲ. ಕೂಡಲಸಂಗಮಕ್ಕೂ ಒಮ್ಮೆ ಹೋಗಿ ಅದೇ ದಿನ ಮರಳಿದ್ದರು. ಬಸವಕಲ್ಯಾಣವನ್ನು ನೋಡಿಯೇ ಇರಲಿಲ್ಲ. ಜನವರಿ ಹತ್ತಕ್ಕೆ ಹೊರಟು, ಎರಡನ್ನೂ ನೋಡಿಕೊಂಡು ಹನ್ನೆರಡು ದಿನಕ್ಕೆ ಮರಳುವುದೆಂದು ನಿಶ್ಚಯವಾಗಿತ್ತು. ಅತ್ತೆ ಹೊಸ ಎರಡು ಇಳಕಲ್ ಸೀರೆಗಳಿಗೆ ಫಾಲ್ ಹೊಲಿಸಿ ಇಟ್ಟುಕೊಂಡಿದ್ದರು.

ಡಿಸೆಂಬರ್ ಮೊದಲ ವಾರ ಗಾಡಿಗೆ ದೀಪ ಹಾಕಿದ್ದಾಗಿದೆ ಎಂದು ಭೀಮಶಿ ಫೋನು ಮಾಡಿದ. ಎಲ್ಲರೂ ಹೋದೆವು. ಕಬ್ಬಿನ ಹಂಗಾಮು ಜೋರಾಗಿತ್ತು. ಅವನ ಶೆಡ್ಡಿನ ಮುಂದೆ ಟ್ರ್ಯಾಕ್ಟರುಗಳು ಸಾಲು ನಿಂತಿದ್ದವು. ಅವಕ್ಕೆ ಬಣ್ಣದ ದೀಪ, ಸ್ಪೀಕರು, ಗೊಂಡೆ ಕಟ್ಟುವುದೇ ಅವನ ಮುಖ್ಯ ಕಸುಬು. ಮನೆಗಾಡಿಯೊಳಗೂ ಅದೇ ಕೈಚಳಕ ತೋರಿಸಿದ್ದ. ಒಳಚಾವಣಿಯ ಸುತ್ತ, ಹಾಸಿಗೆಯ ಕೆಳಗೆ, ಒಲೆಯ ಮೇಲೆ, ಕೊನೆಗೆ ಪೂಜೆಗೆಂದು ಮಾಡಿಸಿದ ಸಣ್ಣ ಮಣೆಯ ಮೇಲೂ ಅಂಟಿಸುವ ಎಲ್‌ಇಡಿ ಪಟ್ಟಿ.

"ಹದಿನಾರ ಬಣ್ಣ ಅದಾವ್ರಿ ಆಯಿ," ಎಂದು ಅತ್ತೆಯ ಕೈಗೆ ರಿಮೋಟು ಕೊಟ್ಟ. "ಇದನ್ನ ಒತ್ತಿದ್ರ ಮದಿವಿ ಮನಿ ಆಗ್ತೈತಿ ನೋಡ್ರಿ."

"ನಂದು ಮದಿವಿ ಆಗಿ ನಲವತ್ತಾರ ವರ್ಷ ಆತಪಾ," ಎಂದರು ಅತ್ತೆ. "ಬಿಳಿ ಐತಿಲ್ಲೋ?"

ಬಿಳಿ ಇತ್ತು. ಕಣ್ಣಿಗೆ ಚುಚ್ಚುವ ನೀಲಿ ಬಿಳಿ. ಅತ್ತೆ ಅದನ್ನು ಕಡಿಮೆ ಮಾಡುವ ಗುಂಡಿ ಯಾವುದೆಂದು ಕೇಳಿ, ಐದಾರು ಸಲ ಒತ್ತಿ ಸಣ್ಣಗೆ ಮಾಡಿಕೊಂಡರು. ಪರದೆ ಎಳೆದು, ಕೊರಳ ಲಿಂಗವನ್ನು ಬಿಚ್ಚಿ ಅಂಗೈಯಲ್ಲಿಟ್ಟು ಕೂತರು. ನಾವು ಹೊರಗೆ ಚಹ ಕುಡಿದೆವು. ಕಾಲು ತಾಸಿಗೆ ಇಳಿದು ಬಂದರು.

"ಆಗಂಗಿಲ್ಲ. ಬೆಳಕ ಕಡದ ಕಡದ ಬರ್ತೈತಿ."

"ಕಡದ ಅಂದ್ರ?" ಎಂದರು ಮಾವ.

"ಕಡದ ಅಂದ್ರ ಕಡದ. ಒಂದ ಸಮ ನಿಂದ್ರಂಗಿಲ್ಲ."

ಭೀಮಶಿ ಒಳಗೆ ಹತ್ತಿ, ರಿಮೋಟಿನಲ್ಲಿ ಬೆಳಕನ್ನು ಪೂರ್ತಿ ಏರಿಸಿ, ಪಟ್ಟಿಯನ್ನೇ ದಿಟ್ಟಿಸಿ ನೋಡಿದ. ವೈರುಗಳನ್ನು ಅಲುಗಾಡಿಸಿದ. "ಬೆಳಕ ಗಟ್ಟಿ ಐತ್ರಿ ಕಾಕಾ. ಕಲ್ಲ ನಿಂತಂಗ ನಿಂತೈತಿ."

ಮಾವನೂ ಈಶ್ವರನೂ ಇಣುಕಿ ನೋಡಿದರು. ಈಶ್ವರ ನನ್ನ ಗಂಡ. ಮೂಡಲಗಿಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. "ಯವ್ವಾ, ಬೆಳಕಲ್ಲ, ನಿನ್ನ ಕೈ ನಡಗತೈತಿ," ಎಂದ. ಎಲ್ಲರೂ ನಕ್ಕರು. ಅತ್ತೆಯ ಕೈ ನಡುಗುವುದು ನಿಜವೇ. ಎರಡು ಮೂರು ವರ್ಷಗಳಿಂದ ಸಣ್ಣಗೆ ನಡುಗುತ್ತದೆ.

ಆಮೇಲೆ ಅವರೆಲ್ಲ ನನ್ನ ಮುಖ ನೋಡಿದರು. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಮೂಡಲಗಿಯ ಕಾಲೇಜೊಂದರಲ್ಲಿ ಪಾಠ ಹೇಳುವವಳು. ಹೇಳಿದೆ. ಮನೆಯ ಕರೆಂಟು ಸೆಕೆಂಡಿಗೆ ಐವತ್ತು ಸಲ ಹಿಂದೆ ಮುಂದೆ ಆಗುತ್ತದೆ, ಅಲ್ಲಿ ಬೆಳಕು ಮಿಡಿಯಬಹುದು. ಇದು ಹನ್ನೆರಡು ವೋಲ್ಟಿನ ಬ್ಯಾಟರಿ, ಒಂದೇ ದಿಕ್ಕಿಗೆ ಹರಿಯುವ ಕರೆಂಟು, ಇದರಲ್ಲಿ ಮಿಡಿತಕ್ಕೆ ಕಾರಣವೇ ಇಲ್ಲ. ಇಷ್ಟನ್ನೂ ಬೋರ್ಡಿನ ಮುಂದೆ ನಿಂತವಳಂತೆ ಹೇಳಿದೆ. ಅತ್ತೆ ನನ್ನನ್ನು ನೋಡಿದರು. ಲಿಂಗವನ್ನು ವಸ್ತ್ರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡರು.

ಮುಂದೆ ನಡೆದದ್ದೆಲ್ಲ ಆ ನನ್ನ ಮಾತಿನ ಆಸರೆಯಲ್ಲಿಯೇ ನಡೆಯಿತು. ಹಿಂದೆ ತೆಗೆಸಿದ್ದ ಪೊರೆ ಮತ್ತೆ ಬಂದಿರಬೇಕೆಂದು ಕಣ್ಣಿನ ದವಾಖಾನೆಗೆ ಕರೆದೊಯ್ದರು. ಬಂದಿರಲಿಲ್ಲ. ಹತ್ತು ದಿನ ಬಿಟ್ಟು ಚಸ್ಮದ ನಂಬರು ಬದಲಾಗಿರಬೇಕೆಂದು ಮತ್ತೆ ಕರೆದೊಯ್ದರು. ಬದಲಾಗಿರಲಿಲ್ಲ. ನಡುವೆ ಮೂರು ಸಲ ಅತ್ತೆಯನ್ನು ಹತ್ತರಗಿಗೆ ಒಯ್ದು ಕೂಡಿಸಿದರು. ಮೂರು ಸಲವೂ ಅವರು ಅದೇ ಮಾತು ಹೇಳಿದರು. ಮೂರು ಸಲವೂ ಭೀಮಶಿ ಹತ್ತಿ, ಬೆಳಕು ಏರಿಸಿ, ಗಟ್ಟಿ ಐತಿ ಎಂದ. ಎಣ್ಣೆಯ ಪಣತಿ ಹಚ್ಚಿಕೊಳ್ಳುತ್ತೇನೆಂದು ಅತ್ತೆ ಕೇಳಿದರು. ಒಳಗೆ ಗ್ಯಾಸಿನ ಸಿಲಿಂಡರು, ಫೋಮಿನ ಹಾಸಿಗೆ. ಅದು ಬೇಡವೆಂದರು ಮಾವ. ಅದೊಂದು ಮಾತು ಅವರದು ಸರಿಯೇ.

"ಕಣ್ಣ ಮುಚ್ಚಿ ಮಾಡು ಹಂಗಾರ," ಎಂದರು ಒಂದು ದಿನ, ಊಟಕ್ಕೆ ಕೂತಾಗ. "ಹತ್ತ ಮಿನಿಟ ಕುಂತ್ರ ಸಾಕು. ದೇವರೇನ ಗಡಿಯಾರ ಹಿಡಕೊಂಡ ಕುಂತಿರ್ತಾನೇನು?"

"ಕಣ್ಣ ಮುಚ್ಚಿ ಮಾಡೂದಿದ್ರ ಲಿಂಗ ಯಾಕ ಕೈಯಾಗ ಹಿಡೀಬೇಕ್ರಿ?"

"ಏನ ಮಾಡಿದ್ರೂ ಒಂದ ತಕರಾರು ನಿಂದು. ನಿನ್ನ ಸಲುವಾಗಿ ಗಾಡಿ ಮಾಡಿಸೀನಿ, ಈಗ ಬೆಳಕ ಒಂದ ಸಮ ಇಲ್ಲ ಅಂತಿ."

ಅತ್ತೆ ರೊಟ್ಟಿಯನ್ನು ತಾಟಿಗೆ ಹಾಕಿದರು. "ಹಂಗಾರ ನಾ ಬರಂಗಿಲ್ಲ. ನೀವ ಹೋಗಿ ಬರ್ರಿ."

ಮಾವ ಒಂದು ಮಾತು ಸಮಾಧಾನ ಹೇಳುತ್ತಾರೆಂದು ನಾನು ಕಾದೆ. ಅವರು ಹೇಳಿದ್ದು ಇಷ್ಟು: "ಆತು. ರಾಯಪ್ಪನ ಕರಕೊಂಡ ಹೋಗ್ತೀನಿ."

ರಾಯಪ್ಪನವರು ಹಿಡಕಲ್ಲಿನಲ್ಲಿ ಮಾವನ ಜೊತೆ ನೌಕರಿ ಮಾಡಿದವರು. ಆಜಾನುಬಾಹು. ಮಾವ ಮರುದಿನವೇ ಅವರನ್ನು ಶೆಡ್ಡಿಗೆ ಕರೆದೊಯ್ದು ಅತ್ತೆಯ ಹಾಸಿಗೆಯ ಮೇಲೆ ಮಲಗಿಸಿ ನೋಡಿದರು. ಅತ್ತೆಯ ಎತ್ತರಕ್ಕೆ ಅಳತೆ ತೆಗೆದು ಮಾಡಿಸಿದ ಹಾಸಿಗೆ ಅದು, ಐದು ಅಡಿ ಎರಡು ಇಂಚು. ರಾಯಪ್ಪನವರ ಕಾಲು ಮೀನಖಂಡದವರೆಗೆ ಹೊರಗೆ ಬಂತು. ಸಂಜೆ ಮನೆಗೆ ಬಂದು ಮಾವ ಅದನ್ನೊಂದು ತಮಾಷೆಯಾಗಿ ಹೇಳಿದರು. ಪೂಜೆಯ ಮಣೆಯನ್ನು ಕಿತ್ತರೆ ಹಾಸಿಗೆಯನ್ನು ಉದ್ದ ಮಾಡಬಹುದು, ಭೀಮಶಿಗೆ ಹೇಳಿ ಬಂದಿದ್ದೇನೆ ಎಂದೂ ಹೇಳಿದರು. ಅತ್ತೆ ಒಳಗೆ ಜೋಳ ಹಸನು ಮಾಡುತ್ತಿದ್ದರು. ಮೊರ ಆಡಿಸುವ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ನಂತರ ಮತ್ತೆ ಸುರುವಾಯಿತು.

ಆ ರಾತ್ರಿ ನನಗೆ ಬಂದ ಸಿಟ್ಟಿನಲ್ಲಿ ಒಂದು ಪಾಲು ಮಾವನ ಮೇಲೆ, ಒಂದು ಪಾಲು ನಕ್ಕ ಗಂಡನ ಮೇಲೆ. ಉಳಿದದ್ದು ನನ್ನ ಮೇಲೆ. ಪ್ರಯೋಗಶಾಲೆಯಲ್ಲಿ ಹುಡುಗಿಯೊಬ್ಬಳು ನಾಲ್ಕು ಸಲ ಒಂದೇ ಫಲಿತಾಂಶ ತಂದರೆ ನಾನು ಅವಳ ಕಣ್ಣನ್ನು ದವಾಖಾನೆಗೆ ಕಳಿಸುತ್ತೇನೆಯೇ? ಉಪಕರಣವನ್ನು ನೋಡುತ್ತೇನೆ. ಹೇಗೆ ನೋಡಿದೆ, ಎಲ್ಲಿ ಕೂತಿದ್ದೆ, ಏನು ಕಂಡಿತು ಎಂದು ಕೇಳುತ್ತೇನೆ. ಅತ್ತೆಯನ್ನು ಅಷ್ಟೂ ಕೇಳಿರಲಿಲ್ಲ.

ರವಿವಾರ ನಾನೂ ಅತ್ತೆಯೂ ಇಬ್ಬರೇ ಬಸ್ಸು ಹತ್ತಿದೆವು. ಗೋಕಾಕದಲ್ಲಿ ಒಮ್ಮೆ, ಹುಕ್ಕೇರಿಯಲ್ಲಿ ಒಮ್ಮೆ ಇಳಿದು ಹತ್ತಿ ಹತ್ತರಗಿ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಭೀಮಶಿ ಮಣೆಯ ಸ್ಕ್ರೂ ಬಿಚ್ಚಲು ಕೂತಿದ್ದ. ಅದನ್ನು ಹಾಗೇ ಬಿಡು ಎಂದೆ. ಅತ್ತೆಯನ್ನು ಮಣೆಯ ಮುಂದೆ ಕೂಡಿಸಿ ಪರದೆ ಎಳೆದೆ. "ಅತ್ತೀ, ಬೆಳಕ ಕಡದ ಬಂದಾಗ ಹೆಂಗ ಕಾಣತೈತಿ? ನೋಡಿ ಹೇಳ್ರಿ."

ಅತ್ತೆ ಮೊದಲು ರಿಮೋಟು ತೆಗೆದುಕೊಂಡು ಬೆಳಕನ್ನು ಸಣ್ಣ ಮಾಡಿದರು. ಆಗಲೇ ನನಗೆ ಹೊಳೆಯಿತು. ಅವರು ಪ್ರತಿ ಸಲವೂ ಸಣ್ಣ ಮಾಡಿ ನೋಡಿದ್ದರು. ಭೀಮಶಿ ಪ್ರತಿ ಸಲವೂ ಪೂರ್ತಿ ಏರಿಸಿ ನೋಡಿದ್ದ.

"ಎಳ್ಳ ಸಾಲಾಗಿ ಇಟ್ಟಂಗ ಕಾಣತೈತಿ," ಎಂದರು ಅತ್ತೆ ಅಂಗೈ ನೋಡುತ್ತ. "ಮನ್ಯಾಗ ದೀಪದ ಮುಂದ ಕುಂತಾಗೂ ಕೈ ನಡಗತೈತಿ. ಇಲ್ಲ ಅನ್ನಂಗಿಲ್ಲ. ಆದ್ರ ಅಲ್ಲಿ ಚುಕ್ಕಿ ನೂಲ ಎಳದಂಗ ಎಳೀತೈತಿ. ಇಲ್ಲಿ ನೂಲ ಹರದ ಹರದ ಬೀಳತೈತಿ."

ಅವರ ಲಿಂಗವನ್ನು ನಾನು ಕೈಯಲ್ಲಿ ಹಿಡಿದು ನೋಡುವಂತಿಲ್ಲ. ಒಬ್ಬರ ಲಿಂಗ ಇನ್ನೊಬ್ಬರ ಕೈಗೆ ಹೋಗುವುದಿಲ್ಲ. ಆದರೆ ನನ್ನ ಕೊರಳಲ್ಲಿ ನನ್ನದೇ ಇತ್ತು. ಮಾವನ ಕೊರಳಲ್ಲಿ ಅವರದು ಇತ್ತು, ಈಶ್ವರನ ಕೊರಳಲ್ಲಿ ಅವನದು. ಒಂದು ತಿಂಗಳಲ್ಲಿ ಒಬ್ಬರಾದರೂ ಅದನ್ನು ಬಿಚ್ಚಿ ಅಂಗೈಯಲ್ಲಿಟ್ಟು ಅತ್ತೆಯ ಜಾಗದಲ್ಲಿ ಕೂತು ನೋಡಿದ್ದರೆ ಒಂದು ನಿಮಿಷದ ಕೆಲಸವಿತ್ತು. ದಿನಾ ಎರಡು ನಿಮಿಷದಲ್ಲಿ ಪೂಜೆ ಮುಗಿಸುವ ನಮಗೆ ಯಾರಿಗೂ ಅದು ಹೊಳೆದೇ ಇರಲಿಲ್ಲ.

ನಾನು ಬಿಚ್ಚಿದೆ. ಅತ್ತೆಯ ಜಾಗದಲ್ಲಿ ಕೂತೆ. ನನ್ನ ಕೈ ಗಟ್ಟಿ, ಚುಕ್ಕೆಗಳೂ ಗಟ್ಟಿಯಾಗಿ ನಿಂತಿದ್ದವು. ಬೇಕೆಂದೇ ಕೈಯನ್ನು ಸಣ್ಣಗೆ ನಡುಗಿಸಿದೆ. ಕಪ್ಪು ಮೈಮೇಲೆ ಪ್ರತಿ ಚುಕ್ಕೆಯೂ ಗೆರೆಯಾಗುವ ಬದಲು ಸಾಲು ಚುಕ್ಕೆಯಾಗಿ ಚೆಲ್ಲಿತು. ಎಳ್ಳು. ಬೆಳಕನ್ನು ಪೂರ್ತಿ ಏರಿಸಿ ಮತ್ತೆ ನಡುಗಿಸಿದೆ. ಅಖಂಡ ಗೆರೆ.

ಬ್ಯಾಟರಿಯ ಕರೆಂಟು ಮಿಡಿಯುವುದಿಲ್ಲ ಎಂದು ನಾನು ಹೇಳಿದ್ದು ಸರಿ. ಬ್ಯಾಟರಿಗೂ ಪಟ್ಟಿಗೂ ನಡುವೆ ಭೀಮಶಿ ಒಂದು ಸಣ್ಣ ಡಬ್ಬಿ ಇಟ್ಟಿದ್ದ, ರಿಮೋಟಿನ ಡಬ್ಬಿ. ಅದು ಬೆಳಕನ್ನು ಕಡಿಮೆ ಮಾಡುವುದಿಲ್ಲ. ಸೆಕೆಂಡಿಗೆ ನೂರಾರು ಸಲ ಆರಿಸಿ ಹಚ್ಚುತ್ತದೆ. ಆರಿಸಿದ ಹೊತ್ತು ಹೆಚ್ಚಾದಷ್ಟೂ ಬೆಳಕು ಕಡಿಮೆಯಾದಂತೆ ಕಾಣುತ್ತದೆ. ಪೂರ್ತಿ ಏರಿಸಿದರೆ ಆರಿಸುವುದೇ ಇಲ್ಲ. ನೆಟ್ಟ ನೋಟಕ್ಕೆ ಇದು ಕಾಣದು. ಬೆಳಕಿನ ಬಿಂಬ ಅಲುಗಿದಾಗ ಮಾತ್ರ ಬಯಲಾಗುತ್ತದೆ. ಅತ್ತೆಯ ಕೈ ನಡುಗುತ್ತದೆಂದು ನಾವು ನಕ್ಕೆವು. ಆ ನಡುಕವೇ ಡಬ್ಬಿಯ ಕಳ್ಳಾಟವನ್ನು ಬಿಡಿಸಿ ತೋರಿಸುತ್ತಿತ್ತು. ಇದನ್ನು ನಾನು ತರಗತಿಯಲ್ಲಿ ಪಾಠ ಹೇಳಿದ್ದೇನೆ.

ಭೀಮಶಿಯನ್ನು ಕರೆದು, ಬೆಳಕನ್ನು ಮತ್ತೆ ಸಣ್ಣ ಮಾಡಿ, ಮೊಬೈಲಿನ ಸ್ಲೋ ಮೋಷನ್ ಚಿತ್ರದಲ್ಲಿ ಪಟ್ಟಿಯನ್ನು ಹಿಡಿದು ತೋರಿಸಿದೆ. ಪರದೆಯ ಮೇಲೆ ದೀಪಗಳು ಪಟಪಟ ಆರಿ ಹತ್ತುತ್ತಿದ್ದವು.

"ಅಯ್ಯ, ಖರೇನ ಐತಲ್ರೀ ಮೇಡಮ್ಮಾರ," ಎಂದ. ಆಗಲೇ ಮಾವನಿಗೆ ಫೋನು ಹಚ್ಚಿದ. "ಕಾಕಾ, ಬೆಳಕ ಖರೇನ ಕಡದ ಬರಾಕತ್ತೈತ್ರಿ. ಮೊಬೈಲ್‌ನ್ಯಾಗ ಕಂಡಿತ್ರಿ."

ಅತ್ತೆ ಲಿಂಗವನ್ನು ವಸ್ತ್ರದಲ್ಲಿ ಸುತ್ತುತ್ತಿದ್ದವರು ತಲೆ ಎತ್ತಿದರು. "ತಮ್ಮಾ, ನಾ ತಿಂಗಳಿಂದ ಹೇಳಾಕತ್ತೇನಿ. ಆ ಮೊಬೈಲ್ ಒಂದ ಸಲ ಹೇಳಿದ್ದಕ್ಕ ಖರೆ ಆತೇನು?"

ಭೀಮಶಿ ಫೋನನ್ನು ಕಿವಿಯಿಂದ ತೆಗೆದ. ಅತ್ತೆ ನನ್ನ ಕಡೆ ತಿರುಗಿದರು. ಅವರ ದನಿ ಏರಲಿಲ್ಲ. "ನೀನೂ ಆ ದಿನಾ ಸಾಲಿ ಪಾಠ ಹೇಳಿದ್ಯಲ್ಲವಾ ಶೈಲಾ."

"ತಪ್ಪಾತ್ರಿ ಅತ್ತೀ."

"ತಪ್ಪಾತು ಅಂದ್ರ ಆತು. ಈಗ ದೀಪಾ ಯಾವ್ದು ತರೂದು ಅದನ್ನ ಹೇಳು. ಹೇಳೂದೇನು, ನಾನ ಆರಸ್ತೀನಿ."

ಎರಡು ದಿನ ಬಿಟ್ಟು ಗೋಕಾಕಿಗೆ ಹೋದೆವು. ರಾವಸಾಹೇಬರ ಅಂಗಡಿಯಲ್ಲಿ ಗಾಡಿಯ ಹನ್ನೆರಡು ವೋಲ್ಟಿನ ದೀಪಗಳು ಎಲ್ಲ ಬಗೆಯವೂ ಸಿಗುತ್ತವೆ. ನಾನು ಕಾಲೇಜಿನಿಂದ ಮೀಟರು ಒಯ್ದಿದ್ದೆ. ನಿಂತ ಗಾಡಿಯ ಬ್ಯಾಟರಿ ಹನ್ನೆರಡೂವರೆ ಕೊಟ್ಟರೆ ಎಂಜಿನ್ ನಡೆದಾಗ ಹದಿನಾಲ್ಕು ದಾಟುತ್ತದೆ. ಅದನ್ನು ತಡೆಯುವ, ಒಳಗೆ ಕಡಿಯದ, ಬ್ಯಾಟರಿಯನ್ನು ಹೀರದ ದೀಪ ಬೇಕಿತ್ತು. ಒಂಬತ್ತನ್ನು ಆರಿಸಿ ಕೌಂಟರಿನ ಮೇಲಿಟ್ಟೆ. ಅತ್ತೆ ಪ್ಲಾಸ್ಟಿಕ್ ಕುರ್ಚಿಯನ್ನು ಅಂಗಡಿಯ ಒಳಮೂಲೆಗೆ, ಕತ್ತಲಿದ್ದಲ್ಲಿಗೆ ಎಳೆಸಿಕೊಂಡು ಲಿಂಗವನ್ನು ಅಂಗೈಗೆ ತೆಗೆದುಕೊಂಡರು.

"ಅವ್ವಾರ, ಅಂಗಡ್ಯಾಗ ಪೂಜಿ ಮಾಡ್ತೀರೇನ್ರಿ?" ಎಂದರು ರಾವಸಾಹೇಬರು. "ಗಿರಾಕಿ ಬರೂ ಹೊತ್ತು."

"ನಾನೂ ಗಿರಾಕಿನ. ಹಚ್ರಿ ಮೊದಲನೇದು."

ಒಂದೊಂದನ್ನೂ ಅವರ ಎಡ ಹೆಗಲ ಹಿಂದೆ ಹಿಡಿದು ಹಚ್ಚಿದೆವು. ಬಿಳಿಯವನ್ನೆಲ್ಲ ನೋಡಿದ ತಕ್ಷಣ ತೆಗೆಸಿದರು. ಒಂದು ಹಳದಿ ದೀಪ ನನ್ನ ಮೊಬೈಲಿಗೂ ಮೀಟರಿಗೂ ಒಪ್ಪಿತ್ತು, ದುಬಾರಿಯದೂ ಆಗಿತ್ತು. ಅತ್ತೆ ಅದನ್ನೂ ಒಲ್ಲೆ ಎಂದರು. ಅದರೊಳಗೆ ಆರು ಎಲ್‌ಇಡಿ ಕಾಳು ಇದ್ದವು, ಲಿಂಗದ ಮೇಲೆ ಆರು ಚುಕ್ಕೆ. "ಎಲ್ಲಿ ನೋಡ್ಲಿ ನಾ, ಆರರಾಗ?" ನಾನು ಬರೆದುಕೊಳ್ಳುತ್ತಿದ್ದ ವಹಿಯಲ್ಲಿ ಚುಕ್ಕೆಯ ಲೆಕ್ಕಕ್ಕೆ ಕಾಲಮ್ಮೇ ಇರಲಿಲ್ಲ. ಆಮೇಲೆ ರಾವಸಾಹೇಬರು ತಾವೇ ಒಳಗೆ ಹೋಗಿ, ನಾನು ಆರಿಸದ ಒಂದು ಸಣ್ಣ ದೀಪ ತಂದರು. ಒಂದೇ ಕಾಳು, ಮುಂದೆ ಹಾಲುಗಾಜು, ಒಂದೂವರೆ ವ್ಯಾಟು, ಎಣ್ಣೆ ದೀಪದ ಬಣ್ಣ. ಅದನ್ನು ಹಚ್ಚಿದಾಗ ಅತ್ತೆ ಅಂಗೈಯಲ್ಲಿ ದೃಷ್ಟಿ ನಿಲ್ಲಿಸಿ ಕೂತೇಬಿಟ್ಟರು. ಒಬ್ಬ ಗಿರಾಕಿ ಬಂದು ಫ್ಯೂಸು ಕೊಂಡು ಹೋದ. ಇನ್ನೊಬ್ಬರು ಬಂದರು. ರಾವಸಾಹೇಬರು ಅವರಿಗೆ ಕೈ ಸನ್ನೆ ಮಾಡಿ ಸುಮ್ಮನಿರಿಸಿದರು. ಅಷ್ಟು ಹೊತ್ತು.

"ಇದು ಕೊಡ್ರಿ," ಎಂದರು ಅತ್ತೆ ಕಡೆಗೆ.

"ಇದು ಬಾಗಲಾ ತಗದಾಗ ಪಾವಟಿಗಿ ಕಾಣ್ಲಿ ಅಂತ ಕಾಲಾಗ ಹಚ್ಚೂ ದೀಪಾರಿ," ಎಂದರು ರಾವಸಾಹೇಬರು, ನಾಚಿದವರಂತೆ.

"ಎಲ್ಲಿ ಹಚ್ಚಬೇಕು ನಾ ಹೇಳ್ತೀನಿ."

ಭೀಮಶಿ ಡಬ್ಬಿಯನ್ನು ಕಿತ್ತು, ಆ ದೀಪವನ್ನು ಮಣೆಯ ಹಿಂದೆ ನೇರ ಬ್ಯಾಟರಿಗೆ ಸ್ವಿಚ್ಚು ಹಾಕಿ ಕೂಡಿಸಿದ. ಮಣೆ ಅಲ್ಲೇ ಉಳಿಯಿತು. ಹಾಸಿಗೆ ಐದು ಅಡಿ ಎರಡು ಇಂಚೇ ಉಳಿಯಿತು. ಅತ್ತೆ ಒಂದು ಸಂಜೆ ಅಲ್ಲಿ ಅರ್ಧ ತಾಸು ಕೂತು, ಇಳಿದು ಬಂದು, "ಆತು, ಬರ್ತೀನಿ" ಎಂದರು. ಮಾವ ಒಳಗೊಳಗೇ ಖುಷಿಪಟ್ಟರು. ತಪ್ಪಾಯಿತೆಂದು ಮಾತ್ರ ಅತ್ತೆಗೆ ಹೇಳಲಿಲ್ಲ.

ಜನವರಿ ಹತ್ತರ ಬೆಳಿಗ್ಗೆ ಗಾಡಿ ಮನೆಯ ಮುಂದೆ ಬಂದು ನಿಂತಿತು. ಓಣಿಯವರೆಲ್ಲ ನೋಡಲು ಬಂದಿದ್ದರು. ರಾಯಪ್ಪನವರೂ ಕಳಿಸಿಕೊಡಲು ಬಂದಿದ್ದರು. ಅತ್ತೆ ಪೂಜೆ ಮುಗಿಸಿ, ಹೊಸ ಸೀರೆಯುಟ್ಟು ಒಳಗೆ ಕೂತಿದ್ದರು. ಮಾವ ಎಂಜಿನ್ ಚಾಲೂ ಇಟ್ಟುಕೊಂಡೇ ಕೆಳಗೆ ನಿಂತು ರಾಯಪ್ಪನವರಿಗೆ ಒಳಗಿನದನ್ನೆಲ್ಲ ತೋರಿಸುತ್ತಿದ್ದರು. ದೀಪದ ಸುದ್ದಿ ಬಂತು.

"ಅದರಾಗ ಒಂದ ಐಬ ಇತ್ತು. ಯಾರಿಗೂ ಗೊತ್ತಾಗಲಿಲ್ಲ. ನಮ್ಮ ಸೊಸಿ ಸೈನ್ಸ್ ಕಲ್ತಾಕಿ ನೋಡು, ಮೊಬೈಲ್‌ನ್ಯಾಗ ಹಿಡದ್ಲು."

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಗಾಡಿಯ ಬಾಗಿಲು ಸರಿಯಿತು. ಅತ್ತೆ ಒಂದೊಂದೇ ಪಾವಟಿಗೆ ಇಳಿದು ಬಂದು ಮಾವನ ಮುಂದೆ ನಿಂತರು.

"ಗಾಡಿ ಬಂದ್ ಮಾಡ್ರಿ."

"ಯಾಕ, ಏನ ಮರತಿ?"

"ಬಂದ್ ಮಾಡ್ರಿ ಮೊದಲ."

ಮಾವ ಕೈ ಚಾಚಿ ಚಾವಿ ತಿರುವಿದರು.

"ಐಬ ಹಿಡದವರ ಯಾರು?"

"ಅದ... ಶೈಲಾ ಮೊಬೈಲ್‌ನ್ಯಾಗ..."

"ಶೈಲಾ ನೋಡಿದ್ದು ಕಡೀಕ. ಮೊದಲ ಯಾರ ಹೇಳಿದ್ರು? ಎಷ್ಟ ಸಲ ಹೇಳಿದ್ರು?"

ಮಾವ ರಾಯಪ್ಪನವರ ಕಡೆ ನೋಡಿದರು, ಈಶ್ವರನ ಕಡೆ ನೋಡಿದರು. ಈಶ್ವರ ಗಾಡಿಯ ಟೈರನ್ನು ನೋಡುತ್ತಿದ್ದ.

"ನೀ ಹೇಳಿದ್ದಿ," ಎಂದರು.

"ನನಗ್ಯಾಕ ಹೇಳ್ತೀರಿ. ನನಗ ಗೊತ್ತೈತಿ. ಅವರಿಗೆ ಹೇಳ್ರಿ."

ಮಾವ ಟೊಪ್ಪಿಗೆಯನ್ನು ತೆಗೆದು ಮತ್ತೆ ಇಟ್ಟುಕೊಂಡರು. "ರಾಯಪ್ಪ, ಇಕಿನ ಹಿಡದದ್ದು. ತಿಂಗಳ ಮೊದಲ ಹೇಳಿದ್ಲು. ನಾಕ ಸಲ ಹೇಳಿದ್ಲು. ನಾ ನಂಬಲಿಲ್ಲ."

ರಾಯಪ್ಪನವರು "ಇರಲಿ ಬಿಡ್ರಿ ವೈನಿ," ಎಂದರು. ಅತ್ತೆ ಸೆರಗು ಸರಿಮಾಡಿಕೊಂಡು ಒಳಗೆ ಹತ್ತಿ ಬಾಗಿಲು ಎಳೆದುಕೊಂಡರು. ಮಾವ ಹೋಗಿ ಚಾಲಕನ ಸೀಟಿನಲ್ಲಿ ಕೂತರು. ಚಾವಿ ಹಿಡಿದುಕೊಂಡೇ ಹಿಂದಕ್ಕೆ ತಿರುಗಿ, "ಹೊಂಡೂದೇನು?" ಎಂದು ಕೇಳಿದರು.

"ಹೊಂಡ್ರಿ," ಎಂದಿತು ಒಳಗಿನಿಂದ ಅತ್ತೆಯ ದನಿ.

ಗಾಡಿ ಮೂಡಲಗಿ ದಾರಿ ಹಿಡಿದು ತಿರುವಿನಲ್ಲಿ ಮರೆಯಾಯಿತು. ಜನ ಚದುರಿದರು. ಈಶ್ವರ ನನ್ನ ಬಾಜೂ ಬಂದು ನಿಂತ.

"ಇಷ್ಟ ಸಣ್ಣ ಮಾತಿಗೆ ಅಪ್ಪನ್ನ ಎಲ್ಲಾರ ಮುಂದ ನಿಂದರಿಸಬೇಕಾಗಿತ್ತೇನು?"

"ಬೇಕಾಗಿತ್ತು," ಎಂದೆ. ಅವನನ್ನೂ ನಿಲ್ಲಿಸಬೇಕಾಗಿತ್ತು, ನನ್ನನ್ನೂ. ಅದನ್ನು ಅವನಿಗೆ ಹೇಳಿ, ಕಾಲೇಜಿನ ಹೊತ್ತಾಗಿತ್ತೆಂದು ಒಳಗೆ ನಡೆದೆ.